ಗಡಿ ದಾಟಿದ ನಗೆ: ತಿರುವಾಂಕೂರು, ಕೊಚ್ಚಿ ಮತ್ತು ಅಚ್ಚಿನ ವಿದೂಷಕರು

ಊರು ಬಿಟ್ಟು ಬೇರೆ ನಾಡಿನಲ್ಲಿ ಮನೆ ಹೂಡಿದ ಕನ್ನಡಿಗರ ಸಾಮಾನಿನ ನಡುವೆ ಚೌಕಟ್ಟು ಹಾಕಿದ ಲಕ್ಷ್ಮಿಯೋ ಸರಸ್ವತಿಯೋ ಹೇಗೋ ಬಂದು ಸೇರಿರುತ್ತಾಳೆ. ತಾವರೆಯ ಮೇಲೆ ನಿಂತ ಆ ಲಕ್ಷ್ಮಿ, ಬಂಡೆಯ ಮೇಲೆ ಕುಳಿತು ವೀಣೆ ನುಡಿಸುವ ಆ ಸರಸ್ವತಿ, ಇಬ್ಬರೂ ತಿರುವನಂತಪುರದ ಸಮೀಪದ ಕಿಳಿಮಾನೂರಿನ ರಾಜಾ ರವಿವರ್ಮನ ಕುಂಚದಿಂದ ಇಳಿದವರು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಬಣ್ಣದಚ್ಚಿನ ಕಾರ್ಖಾನೆ ತೆರೆದ ಮೇಲೆ ಅರಮನೆಯ ಗೋಡೆಗಷ್ಟೇ ಮೀಸಲಾಗಿದ್ದ ಚಿತ್ರಗಳು ಅಗ್ಗದ ಹಾಳೆಯಾಗಿ ದೇಶದ ಮನೆಮನೆಗೂ ತಲುಪಿದವು. ಹೀಗೆ ಚಿತ್ರಗಳನ್ನು ಅಚ್ಚು ಹಾಕಿಸಿ ಹಂಚಬೇಕೆಂದು ಅದಕ್ಕೂ ಮೊದಲೇ ಅವನಿಗೆ ಪತ್ರ ಬರೆದು ಸಲಹೆ ಕೊಟ್ಟಿದ್ದವರು ಸರ್ ಟಿ. ಮಾಧವರಾವ್, ಒಂದು ಕಾಲಕ್ಕೆ ತಿರುವಾಂಕೂರಿನ ದಿವಾನರು, ಆಮೇಲೆ ಬರೋಡೆಯ ದಿವಾನರು.

ಇದೇ ಮಾಧವರಾಯರು ತಿರುವಾಂಕೂರಿನಲ್ಲಿ ದಿವಾನಗಿರಿ ನಡೆಸುತ್ತಿದ್ದಾಗ, 1867ರಲ್ಲಿ, ಕೋಟ್ಟಯಂನಿಂದ 'ಸಂದಿಷ್ಟವಾದಿ' ಎಂಬ ಮಲಯಾಳಂ ಪತ್ರಿಕೆ ಹೊರಟಿತು. ಅದು ದಿವಾನರ ಆಡಳಿತದ ಲೋಪಗಳನ್ನು ಎತ್ತಿ ಬರೆಯಿತು. ಸರ್ಕಾರ ಅದನ್ನು ಮುಚ್ಚಿಸಿತು. ಕೇರಳದಲ್ಲಿ ಅಧಿಕಾರದ ಏಟಿಗೆ ಸಿಕ್ಕಿ ನಿಂತ ಮೊದಲ ಪತ್ರಿಕೆ ಇದೆಂದು ಅಲ್ಲಿನ ಪತ್ರಿಕಾ ಇತಿಹಾಸ ಗುರುತಿಸುತ್ತದೆ. ಮಾಧವರಾಯರನ್ನು ಖಳನಾಯಕನನ್ನಾಗಿ ಮಾಡುವ ಆಸೆ ನನಗಿಲ್ಲ. ಖಜಾನೆ, ಶಾಲೆ, ರಸ್ತೆ ಇವೆಲ್ಲ ಅವರ ಕಾಲದಲ್ಲಿ ಚೆನ್ನಾಗಿ ಸುಧಾರಿಸಿದವು. ಆದರೆ ಅಚ್ಚಿನ ಬಗ್ಗೆ ಆ ಕಾಲದ ದೊರೆತನಕ್ಕಿದ್ದ ಎರಡು ಮನಸ್ಸು ಅವರೊಬ್ಬರಲ್ಲೇ ಒಟ್ಟಿಗೆ ಕಾಣಿಸುತ್ತದೆ. ಕೈಮುಗಿಸುವ ಹಾಳೆ ಮನೆಮನೆಗೆ ಹೋಗಲಿ. ಕೈತೋರಿಸುವ ಹಾಳೆ ಮಾತ್ರ ಬೇಡ.

ಹಾಗೆಂದು ಕೇರಳದ ಅರಸರಿಗೆ ನಗೆಯೆಂದರೆ ಆಗುತ್ತಿರಲಿಲ್ಲ ಎಂದುಕೊಳ್ಳುವಂತಿಲ್ಲ. ದೇವಸ್ಥಾನದ ಕೂತ್ತಂಬಲದಲ್ಲಿ ಚಾಕ್ಯಾರನು ಪುರಾಣದ ಕತೆ ಹೇಳುತ್ತ ಹೇಳುತ್ತಲೇ ಎದುರಿಗೆ ಕುಳಿತವನ ಕಡೆಗೆ ತಿರುಗಿ ಅವನ ಹೊಟ್ಟೆಬಾಕತನವನ್ನೋ ಜಿಪುಣತನವನ್ನೋ ಕತೆಯೊಳಗೆ ಹೆಣೆದುಬಿಡುತ್ತಿದ್ದ. ಕುಳಿತವನು ಅರಸನಾದರೂ ಸರಿಯೇ, ಎದ್ದು ಹೋಗುವಂತಿರಲಿಲ್ಲ, ತಿರುಗಿ ಮಾತಾಡುವಂತೆಯೂ ಇರಲಿಲ್ಲ. ನಮ್ಮ ಯಕ್ಷಗಾನದ ಹಾಸ್ಯಗಾರನು ರಾಜವೇಷದ ಮುಂದೆಯೇ ರಾಜನನ್ನು ಹಂಗಿಸುವುದನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಕುಂಚನ್ ನಂಬಿಯಾರ್ ಈ ಪರಿಹಾಸವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದ. ಅಂಬಲಪ್ಪುಳದಲ್ಲಿ ಕೂತ್ತಿಗೆ ಮಿಳಾವು ಬಾರಿಸುತ್ತಿದ್ದಾಗ ಅವನು ತೂಕಡಿಸಿದನಂತೆ, ಚಾಕ್ಯಾರನು ಎಲ್ಲರೆದುರು ಅವನನ್ನು ಗೇಲಿ ಮಾಡಿದನಂತೆ, ಮರುದಿನವೇ ನಂಬಿಯಾರ್ ತುಳ್ಳಲ್ ಎಂಬ ಹೊಸ ಕಲೆ ಕಟ್ಟಿ ಚಾಕ್ಯಾರನ ಸಭೆಯನ್ನೆಲ್ಲ ತನ್ನ ಕಡೆಗೆ ಸೆಳೆದನಂತೆ. ಇದು ಐತಿಹ್ಯ, ನಿಜವೋ ಸುಳ್ಳೋ, ಒಳ್ಳೆಯ ಐತಿಹ್ಯ. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ನಂಬಿಯಾರನ ಸೇಡಲ್ಲ, ಜಾಗದ ಬದಲಾವಣೆ. ಕೂತ್ತಂಬಲದೊಳಗೆ ಕಾಲಿಡುವ ಹಕ್ಕು ಆಗ ಎಲ್ಲ ಜಾತಿಯವರಿಗೂ ಇರಲಿಲ್ಲ. ಅಲ್ಲಿ ನಗುವವರು, ನಗೆಗೀಡಾಗುವವರು ಒಂದೇ ಬಳಗದವರು. ತುಳ್ಳಲ್ ನಗೆಯನ್ನು ತಿಳಿ ಮಲಯಾಳಕ್ಕೂ ಬಯಲಿಗೂ ತಂದಿತು.

ಬಾಯಿಮಾತಿನ ನಗೆಗೆ ಇದ್ದ ಈ ಪರವಾನಗಿ ಅಚ್ಚಿನ ನಗೆಗೆ ಏಕೆ ಸಿಗಲಿಲ್ಲ? ಬಾಯಿಮಾತು ಆ ರಾತ್ರಿಗೆ ಆರಿಹೋಗುತ್ತದೆ. ಅದನ್ನು ಯಾರು ಕೇಳಿದರೆಂದು ಅರಸನಿಗೆ ಗೊತ್ತಿರುತ್ತದೆ. ಅಚ್ಚಾದ ಹಾಳೆಯನ್ನು ಯಾರು ಮಡಿಚಿಟ್ಟುಕೊಂಡರು, ಯಾವ ಚಹದಂಗಡಿಯಲ್ಲಿ ಯಾರು ಯಾರಿಗೆ ಓದಿ ಹೇಳಿದರು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಅದರಲ್ಲೂ ಚಿತ್ರಕ್ಕೆ ಓದುಬರಹವೂ ಬೇಡ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ಪನನ್ನು ಪ್ರಜೆಗಳ ದುಡ್ಡು ನುಂಗುವ ಹೊಟ್ಟೆಬಾಕ ದೈತ್ಯನಾಗಿ ಕಲ್ಲಚ್ಚಿನಲ್ಲಿ ಬರೆದದ್ದಕ್ಕೆ ಓನೋರೆ ದೋಮಿಯೇ 1832ರಲ್ಲಿ ಆರು ತಿಂಗಳ ಸೆರೆಮನೆ ಕಂಡ. ನಮ್ಮಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಕಾಳಿಘಾಟ್ ಪಟಗಳು, ಬಟತಲಾದ ಮರದಚ್ಚಿನ ಹಾಳೆಗಳು ಬಾಬುಗಳ ಶೋಕಿಯನ್ನೂ, 1873ರ ಹಗರಣದ ತಾರಕೇಶ್ವರದ ಮಹಂತನನ್ನೂ ಬೀದಿಯಲ್ಲಿ ನಿಲ್ಲಿಸಿದವು. ಲಖನೌದಲ್ಲಿ 1877ರಿಂದ 'ಅವಧ್ ಪಂಚ್' ಬಂತು. ಮದರಾಸಿನಲ್ಲಿ ಸುಬ್ರಹ್ಮಣ್ಯ ಭಾರತಿ 'ಇಂಡಿಯಾ' ವಾರಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಹಾಕಿಸಿದರು. 1908ರಲ್ಲಿ ಅವರೂ ಪತ್ರಿಕೆಯೂ ಫ್ರೆಂಚರ ಪಾಂಡಿಚೇರಿಗೆ ಗಡಿ ದಾಟಬೇಕಾಯಿತು. ಗಗನೇಂದ್ರನಾಥ ಠಾಕೂರರು 1917ರಲ್ಲಿ ತಮ್ಮವರೇ ಆದ ಬಂಗಾಳಿ ಭದ್ರಲೋಕವನ್ನು ಕಲ್ಲಚ್ಚಿನಲ್ಲಿ ಕುಟುಕಿದರು. ಅವರು ಗಡಿ ದಾಟಬೇಕಾಗಲಿಲ್ಲ. ಅಚ್ಚಿನ ಯಂತ್ರ ಸ್ವಂತದ್ದು, ಮನೆ ಜೋಡಾಸಾಂಕೋ!

ಕಲ್ಲಚ್ಚು ಪಶ್ಚಿಮ ಕರಾವಳಿಗೆ ಹೊಸತೇನಾಗಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ, 1843ರ 'ಮಂಗಳೂರ ಸಮಾಚಾರ', ಬಾಸೆಲ್ ಮಿಶನ್ನಿನ ಕಲ್ಲಿನಿಂದಲೇ ಎದ್ದು ಬಂದದ್ದು. ನಾಲ್ಕು ವರ್ಷದ ಮೇಲೆ ಅದೇ ಮಿಶನ್ನಿನ ಹೆರ್ಮನ್ ಗುಂಡರ್ಟ್ ತಲಶ್ಶೇರಿಯಲ್ಲಿ ಮಲಯಾಳಂನ ಮೊದಲ ಪತ್ರಿಕೆ 'ರಾಜ್ಯಸಮಾಚಾರಂ' ಹೊರಡಿಸಿದರು. ಸಾಧನ ಇತ್ತು. ಅದನ್ನು ನಗೆಗೆ ಬಳಸುವ ಧೈರ್ಯ ಬರಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು.

ಏಕೆಂದರೆ ನಡುವೆ 1910 ಇದೆ. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರು 1905ರಲ್ಲಿ ಆರಂಭಿಸಿದ 'ಸ್ವದೇಶಾಭಿಮಾನಿ' ಪತ್ರಿಕೆಗೆ ನೆಯ್ಯಾಟ್ಟಿನ್‌ಕರದ ಕೆ. ರಾಮಕೃಷ್ಣ ಪಿಳ್ಳೆ ಸಂಪಾದಕರಾದರು. ಪತ್ರಿಕೆ ತಿರುವನಂತಪುರಕ್ಕೆ ಬಂತು. ಆಗಿನ ದಿವಾನ ಪಿ. ರಾಜಗೋಪಾಲಾಚಾರಿ, ಇವರು ಹಿಂದೆ ಕೊಚ್ಚಿ ಸಂಸ್ಥಾನದಲ್ಲಿಯೂ ದಿವಾನರಾಗಿದ್ದವರು. ಪಿಳ್ಳೆಯವರ ಲೇಖನಿ ದಿವಾನರ ಆಡಳಿತವನ್ನಷ್ಟೇ ಅಲ್ಲ, ನಡತೆಯನ್ನೂ ಬಿಡಲಿಲ್ಲ. ಅವರ ಬರಹದಲ್ಲಿ ವಿಮರ್ಶೆ ಎಲ್ಲಿ ಮುಗಿದು ಮೂದಲಿಕೆ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಕಷ್ಟ. 1910ರ ಸೆಪ್ಟೆಂಬರ್ 26ರಂದು ರಾಜಾಜ್ಞೆ ಹೊರಟಿತು: ಅಚ್ಚುಕೂಟ ಜಫ್ತಿ, ಸಂಪಾದಕ ಗಡೀಪಾರು. ಪೊಲೀಸರು ಅವರನ್ನು ಸಂಸ್ಥಾನದ ಗಡಿಯಾಚೆಗೆ ಬಿಟ್ಟು ಬಂದರು. ಪಿಳ್ಳೆಯವರು ಮತ್ತೆ ತಿರುವಾಂಕೂರಿನ ನೆಲ ಮೆಟ್ಟಲಿಲ್ಲ. 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. ಅಷ್ಟರೊಳಗೆ, 1912ರಲ್ಲಿ, ಮಲಯಾಳಂನಲ್ಲಿ ಕಾರ್ಲ್ ಮಾರ್ಕ್ಸ್‌ನ ಜೀವನಚರಿತ್ರೆಯನ್ನೂ ಪತ್ರಿಕೋದ್ಯಮದ ಕುರಿತ ಪುಸ್ತಕವನ್ನೂ ಬರೆದುಬಿಟ್ಟಿದ್ದರು.

ಮೈಸೂರಿನವರು ಇದನ್ನು ಓದಿ ನಮ್ಮ ಸಂಸ್ಥಾನವೇ ವಾಸಿ ಎಂದು ಬೀಗುವ ಹಾಗಿಲ್ಲ. 1908ರಲ್ಲಿ ಮೈಸೂರು ಸರ್ಕಾರವೂ ಪತ್ರಿಕೆಗಳನ್ನು ಹದ್ದಿನಲ್ಲಿಡುವ ಕಾನೂನು ತಂದಿತು. ಅದನ್ನು ಪ್ರತಿಭಟಿಸಿ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಆ ಕಾನೂನು ಬಂದಾಗ ಮೈಸೂರಿನ ದಿವಾನರಾಗಿದ್ದವರು ವಿ. ಪಿ. ಮಾಧವರಾವ್. (ಇವರು ಬೇರೆ ಮಾಧವರಾವ್, ದಿವಾನರ ಚರಿತ್ರೆ ಓದುವವನಿಗೆ ಮಾಧವರಾಯರ ಬರವಿಲ್ಲ.) ಮೈಸೂರಿಗೆ ಬರುವ ಮುನ್ನ, 1904ರಿಂದ 1906ರವರೆಗೆ, ಇವರು ತಿರುವಾಂಕೂರಿನಲ್ಲೇ ದಿವಾನರಾಗಿದ್ದರು. ದಿವಾನರು ಸಂಸ್ಥಾನದಿಂದ ಸಂಸ್ಥಾನಕ್ಕೆ ವರ್ಗವಾಗುತ್ತಿದ್ದರು. ಅವರ ಜೊತೆಗೆ ಆಡಳಿತದ ಜಾಣ್ಮೆಯೂ ಪತ್ರಿಕೆಯ ಭಯವೂ ವರ್ಗವಾಗುತ್ತಿದ್ದವು.

ಮಲಯಾಳಂನ ಮೊದಲ ವ್ಯಂಗ್ಯಚಿತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತಿರುವನಂತಪುರದ ಉತ್ತರಕ್ಕೆ, ಕೊಚ್ಚಿಯ ದಾರಿಯಲ್ಲಿರುವ ಕೊಲ್ಲಂನಿಂದ ಹೊರಡುತ್ತಿದ್ದ ಹಾಸ್ಯಪತ್ರಿಕೆ 'ವಿದೂಷಕನ್'. 1919ರ ಅಕ್ಟೋಬರಿನಲ್ಲಿ ಅದರಲ್ಲಿ 'ಮಹಾಕ್ಷಾಮದೇವತೆ' ಎಂಬ ಚಿತ್ರ ಅಚ್ಚಾಯಿತು. ಮೊದಲ ಮಹಾಯುದ್ಧ ಮುಗಿದಿತ್ತು, ಅಕ್ಕಿ ಸಿಗುತ್ತಿರಲಿಲ್ಲ, ಇದ್ದ ಅಕ್ಕಿಗೆ ಬೆಲೆ ಏರಿತ್ತು. ಚಿತ್ರ ಆ ಹಸಿವನ್ನೇ ಒಂದು ಭೀಕರ ದೇವತೆಯನ್ನಾಗಿ ಮಾಡಿ ನಿಲ್ಲಿಸಿತು. ಚಿತ್ರದಲ್ಲಿ ಮಹಾರಾಜನ ಹೆಸರಿಲ್ಲ, ದಿವಾನನ ಹೆಸರಿಲ್ಲ. ಹತ್ತು ವರ್ಷಗಳ ಹಿಂದಷ್ಟೇ ಒಬ್ಬ ಸಂಪಾದಕನನ್ನು ಗಡಿಯಾಚೆ ಬಿಟ್ಟು ಬಂದ ನಾಡಿನಲ್ಲಿ ಮೊದಲ ವ್ಯಂಗ್ಯಚಿತ್ರವು ಮನುಷ್ಯರನ್ನು ಬಿಟ್ಟು ದೇವತೆಯ ವೇಷ ತೊಟ್ಟಿತು ಎಂದರೆ ಅಚ್ಚರಿಯೇನು? ರವಿವರ್ಮನ ಹಾಳೆ ಕಲಿಸಿದ ಕಣ್ಣಿಗೆ ಅಚ್ಚಾದ ದೇವತೆ ಎಂದರೆ ತಾವರೆ, ನಾಣ್ಯ, ಅಭಯಹಸ್ತ. ಇಲ್ಲಿ ಅದೇ ಅಚ್ಚಿನಲ್ಲಿ ಬಂದವಳು ಕೊಡುವ ದೇವತೆಯಲ್ಲ, ನುಂಗುವ ದೇವತೆ. ಹೆಸರು ಹೇಳದೆ ಹೇಳುವ ಈ ಬಗೆ ಹೇಡಿತನವೆಂದು ನನಗೆ ಅನ್ನಿಸುವುದಿಲ್ಲ. ಚಾಕ್ಯಾರನೂ ಪುರಾಣದ ಮರೆಯಿಂದಲೇ ಬಾಣ ಬಿಟ್ಟದ್ದು. ಪತ್ರಿಕೆಯ ಹೆಸರನ್ನೂ ಗಮನಿಸಬೇಕು. ಸತ್ಯ ಹೇಳಲು ಪರವಾನಗಿಯಿದ್ದ ಹಳೆಯ ಪಾತ್ರವೊಂದರ ಹೆಸರನ್ನು ಹೊಸ ಅಚ್ಚುಕೂಟ ಹೊದ್ದುಕೊಂಡಿತು. ಮುಂದೆ 1942ರಲ್ಲಿ ಡಾ. ಎಂ. ಶಿವರಾಂ, ನಮ್ಮ 'ರಾಶಿ', ಹಾಸ್ಯಪತ್ರಿಕೆಗೆ 'ಕೊರವಂಜಿ' ಎಂದು ಹೆಸರಿಟ್ಟಾಗ ನಡೆದದ್ದೂ ಇದೇ. ಕಣಿ ಹೇಳುವವಳ ಮಾತಿಗೆ ಯಾರು ಸಿಟ್ಟಾಗುತ್ತಾರೆ?

ಇಲ್ಲೊಂದು ಮುಜುಗರದ ಸಂಗತಿ ಇದೆ. ಸ್ವದೇಶಿ ಅರಸರ ತಿರುವಾಂಕೂರಿಗಿಂತ ಬ್ರಿಟಿಷರ ನೇರ ಆಡಳಿತದ ಮಲಬಾರಿನಲ್ಲಿ ನಗೆಗೆ ಹೆಚ್ಚು ಉಸಿರಿತ್ತು. ರಾಮಕೃಷ್ಣ ಪಿಳ್ಳೆಯವರು ಕೊನೆಗೆ ನೆಲೆ ಕಂಡದ್ದೂ ಅಲ್ಲಿಯೇ. 1930ರ ದಶಕದಲ್ಲಿ 'ಸಂಜಯನ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಂ. ಆರ್. ನಾಯರ್ ಕೋಯಿಕ್ಕೋಡಿನ ಪುರಸಭೆಯನ್ನು ಎಷ್ಟು ಕಾಡಿದರೆಂದರೆ, ಆ ಊರಿನ ರಸ್ತೆಯ ಹೊಂಡಗಳಿಗೂ ಸಾಹಿತ್ಯದಲ್ಲಿ ಜಾಗ ಸಿಕ್ಕಿತು. ದೂರದ ದೊರೆ ನಗೆಯನ್ನು ಸಹಿಸುತ್ತಾನೆ. ಹತ್ತಿರದ ದೊರೆಗೆ ಅದು ಕೇಳಿಸುತ್ತದೆ.

ಹೀಗಾಗಿ ತಿರುವಾಂಕೂರಿನ ನಗೆ ಊರು ಬಿಟ್ಟಿತು. ಕಾಯಂಕುಳಂನಲ್ಲಿ 1902ರಲ್ಲಿ ಹುಟ್ಟಿದ ಕೇಶವ ಶಂಕರ ಪಿಳ್ಳೆ ಶಾಲೆಯಲ್ಲಿ ಮೊದಲು ಬರೆದದ್ದು ತರಗತಿಯಲ್ಲಿ ನಿದ್ದೆಹೋಗಿದ್ದ ಮೇಷ್ಟರ ಚಿತ್ರವನ್ನು. ಅದಕ್ಕೆ ಹೆಡ್‌ಮಾಸ್ಟರರ ಸಿಟ್ಟೂ ಸಿಕ್ಕಿತು. ತಿರುವನಂತಪುರದ ಮಹಾರಾಜರ ವಿಜ್ಞಾನ ಕಾಲೇಜಿನಲ್ಲಿ ಪದವಿ ಮುಗಿಸಿ ವಕೀಲಿಕೆ ಓದಲೆಂದು ಮುಂಬಯಿಗೆ ಹೋದರು. ಓದು ನಿಂತಿತು, ಚಿತ್ರ ನಿಲ್ಲಲಿಲ್ಲ. 'ಫ್ರೀ ಪ್ರೆಸ್ ಜರ್ನಲ್', 'ಬಾಂಬೆ ಕ್ರಾನಿಕಲ್' ದಾಟಿ 1932ರಲ್ಲಿ ದಿಲ್ಲಿಯ 'ಹಿಂದೂಸ್ತಾನ್ ಟೈಮ್ಸ್' ಸೇರಿದರು; ಕರೆಸಿಕೊಂಡ ಸಂಪಾದಕ ಪೋತನ್ ಜೋಸೆಫ್ ಕೂಡ ಮಲಯಾಳಿಯೇ. ಮೈಸೂರಿನ ಆರ್. ಕೆ. ಲಕ್ಷ್ಮಣರ ದಾರಿಯೂ ಹೆಚ್ಚು ಕಡಿಮೆ ಇದೇ: 'ಕೊರವಂಜಿ'ಯ ಪುಟಗಳಿಂದ ಮುಂಬಯಿಯ ಅದೇ 'ಫ್ರೀ ಪ್ರೆಸ್ ಜರ್ನಲ್', ಅಲ್ಲಿಂದ 'ಟೈಮ್ಸ್ ಆಫ್ ಇಂಡಿಯಾ'. ಸಂಸ್ಥಾನದ ಹುಡುಗರಿಗೆ ನಗಿಸಲು ಒಂದು ದೊಡ್ಡ ಊರು ಬೇಕಿತ್ತು.

1948ರಲ್ಲಿ ಶಂಕರ್ ಆರಂಭಿಸಿದ 'ಶಂಕರ್ಸ್ ವೀಕ್ಲಿ'ಯನ್ನು ಉದ್ಘಾಟಿಸಿದವರು ಜವಾಹರಲಾಲ್ ನೆಹರೂ. ತನ್ನನ್ನೂ ಬಿಡಬೇಡ ಎಂದು ಅವರೇ ಹೇಳಿದ್ದರು, ಶಂಕರ್ ಬಿಡಲೂ ಇಲ್ಲ. ಆ ಪತ್ರಿಕೆಯ ಕಚೇರಿ ದಿಲ್ಲಿಯೊಳಗಿನ ಒಂದು ಪುಟ್ಟ ಕೇರಳವೇ ಆಯಿತು. ಕುಟ್ಟಿ, ಅಬು ಅಬ್ರಹಾಂ, ಓ. ವಿ. ವಿಜಯನ್, ಯೇಸುದಾಸನ್ ಎಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಅಲ್ಲಿ ಮಸಿ ಮುಟ್ಟಿದವರು. ನಮ್ಮ ವಿ. ಜಿ. ನರೇಂದ್ರರೂ ಅಲ್ಲಿ ಕಲಿತು ಬಂದು, ಮುಂದೆ ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯನ್ನು ಕಟ್ಟಿದರು. ಈ ಬಳಗದಲ್ಲಿ ಹೊರನಾಡಿನವರಾದ ನಮಗೆ ಹೆಚ್ಚು ಆಪ್ತನಾಗಬೇಕಾದವನು ಕುಟ್ಟಿ. ಬಂಗಾಳಿ ಬಾರದ ಈ ಒಟ್ಟಪಾಲಂನ ಮನುಷ್ಯ ದಶಕಗಳ ಕಾಲ ಬಂಗಾಳಿ ಪತ್ರಿಕೆಗಳಿಗೆ ಚಿತ್ರ ಬರೆದರು. ಬಂಗಾಳಿಗಳು ಅವರನ್ನು ತಮ್ಮವನೆಂದೇ ಒಪ್ಪಿಕೊಂಡರು.

ಇವರಲ್ಲಿ ಅನೇಕರ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಒಂದು ತಮಾಷೆ ಕಾಣುತ್ತದೆ. ಶಂಕರ್ ಕಾಯಂಕುಳಂನವರು, ಅಬು ಮಾವೇಲಿಕ್ಕರದವರು, ಯೇಸುದಾಸನ್ ಅದರ ಹತ್ತಿರದ ಭರಣಿಕ್ಕಾವಿನವರು. ನಂಬಿಯಾರನ ಅಂಬಲಪ್ಪುಳವೂ ದೂರವಿಲ್ಲ. ಕಾಯಂಕುಳಂ ಹಿಂದೆ ಸ್ವತಂತ್ರ ರಾಜ್ಯ; ಮಾರ್ತಾಂಡವರ್ಮ ಅದನ್ನು ಗೆದ್ದು ತಿರುವಾಂಕೂರಿಗೆ ಸೇರಿಸಿದ. ಅಲ್ಲಿನ ಕೃಷ್ಣಪುರಂ ಅರಮನೆಯಲ್ಲಿ 'ಕಾಯಂಕುಳಂ ವಾಳ್' ಎಂಬ ಖಡ್ಗವನ್ನು ತೋರಿಸುತ್ತಾರೆ. ಅದಕ್ಕೆ ಎರಡೂ ಕಡೆ ಅಲಗು. ಶಂಕರ್ ಹೆಸರಿನ ವ್ಯಂಗ್ಯಚಿತ್ರ ಸಂಗ್ರಹಾಲಯ ಇರುವುದೂ ಅದೇ ಕೃಷ್ಣಪುರಂನಲ್ಲಿ.

ಊರು ಬಿಟ್ಟ ನಗೆಗೆ ದಿಲ್ಲಿಯಲ್ಲಿಯೂ ಒಂದು 1910 ಎದುರಾಯಿತು. 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಬಂತು. ಆಗಸ್ಟ್ ಮುಗಿಯುವಾಗ 'ಶಂಕರ್ಸ್ ವೀಕ್ಲಿ' ನಿಂತಿತು. ಸರ್ವಾಧಿಕಾರಕ್ಕೆ ನಗೆ ದಕ್ಕುವುದಿಲ್ಲ ಎಂಬ ಅರ್ಥದ ಮಾತನ್ನು ಅದರ ಬೀಳ್ಕೊಡುಗೆಯ ಸಂಪಾದಕೀಯ ಹೇಳಿತ್ತು. ವಿಜಯನ್‌ರ 'ಧರ್ಮಪುರಾಣಂ' ಕಾದಂಬರಿ ಧಾರಾವಾಹಿಯಾಗಿ ಬರಬೇಕಾಗಿದ್ದದ್ದು ಹಿಂದೆ ಸರಿಯಿತು. ಅಬು ಮಾತ್ರ 'ಇಂಡಿಯನ್ ಎಕ್ಸ್‌ಪ್ರೆಸ್'ನಲ್ಲಿ ಬರೆಯುತ್ತಲೇ ಹೋದರು. ಆ ವರ್ಷದ ಡಿಸೆಂಬರ್ 10ರಂದು ಅಚ್ಚಾದ ಅವರ ಚಿತ್ರ ಇಂದಿಗೂ ಎಲ್ಲರ ನೆನಪಿನಲ್ಲಿದೆ: ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕುಳಿತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲ ಸಂದಿಯಿಂದ ಹೊರಗೆ ಚಾಚುತ್ತಿದ್ದಾರೆ, ಇನ್ನೂ ಇದ್ದರೆ ಸ್ವಲ್ಪ ಕಾಯಲು ಹೇಳಿ ಎನ್ನುತ್ತಿದ್ದಾರೆ. ಆಗ ಅಬು ರಾಜ್ಯಸಭೆಯ ನಾಮಕರಣ ಸದಸ್ಯರು. ರಾಷ್ಟ್ರಪತಿಯ ಅಂಕಿತದಿಂದ ಸದಸ್ಯರಾದವರೇ ಆ ಅಂಕಿತವನ್ನು ಗೇಲಿ ಮಾಡಿದರು. ಚಾಕ್ಯಾರನ ಹಳೆಯ ಸವಲತ್ತು ಇದಕ್ಕಿಂತ ಚೆನ್ನಾಗಿ ಚಲಾವಣೆಯಾದ ಸಂದರ್ಭ ನನಗೆ ಗೊತ್ತಿಲ್ಲ.

ಅಷ್ಟರಲ್ಲಿ ಊರಿನಲ್ಲಿಯೂ ಕಾಲ ಬದಲಾಗಿತ್ತು. ಮಹಾರಾಜರೂ ದಿವಾನರೂ ಹೋಗಿದ್ದರು, ಮಂತ್ರಿಗಳು ಬಂದಿದ್ದರು. ಕೇರಳದಲ್ಲಿ ಮಂತ್ರಿಮಂಡಲಗಳೂ ಪಕ್ಷದ ಹೋಳುಗಳೂ ಹೆಚ್ಚಾದಷ್ಟು ವ್ಯಂಗ್ಯಚಿತ್ರಕಾರರ ಬೆಳೆ ಹೆಚ್ಚಿತು. ಆದರೆ ಊರಿನೊಳಗೆ ಬೆಳೆದ ನಗೆಯ ಒಳ್ಳೆಯ ಪಾಲು ಮಂತ್ರಿಗಳಿಗಿಂತ ನೆರೆಹೊರೆಯವರ ಮೇಲಿತ್ತು. ಮುಂದೆ ಚಿತ್ರನಿರ್ದೇಶಕರಾಗಿ ನಮಗೆಲ್ಲ ಪರಿಚಿತರಾದ ಜಿ. ಅರವಿಂದನ್ ರಬ್ಬರ್ ಮಂಡಳಿಯ ಕೆಲಸ ಮಾಡಿಕೊಂಡೇ 1961ರಿಂದ 'ಮಾತೃಭೂಮಿ' ವಾರಪತ್ರಿಕೆಯಲ್ಲಿ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ' ಚಿತ್ರಮಾಲೆ ಬರೆದರು. ಅದರ ನಾಯಕ ರಾಮು ಕೆಲಸವಿಲ್ಲದ ಆದರ್ಶವಾದಿ; ವಾರ ಕಳೆದಂತೆ ಅನುಕೂಲಸ್ಥನಾಗುತ್ತ ಕಳೆದುಹೋಗುತ್ತಾನೆ. ಟಾಮ್ಸ್ ಬರೆದ 'ಬೋಬನುಂ ಮೋಲಿಯುಂ' ವಾರಪತ್ರಿಕೆಯ ಕೊನೆಯ ಪುಟದಲ್ಲಿರುತ್ತಿತ್ತು. ಮಲಯಾಳಿಗಳು ಪತ್ರಿಕೆಯನ್ನು ಹಿಂದಿನಿಂದ ಓದಲು ಕಲಿತದ್ದು ಅದರಿಂದ ಎನ್ನುತ್ತಾರೆ. ಯೇಸುದಾಸನ್ ದಿಲ್ಲಿಯಿಂದ ಮರಳಿ ಬಂದು 'ಅಸಾಧು' ಪತ್ರಿಕೆ ನಡೆಸಿದರು, ಎರಡು ದಶಕಕ್ಕೂ ಮಿಕ್ಕಿ 'ಮಲಯಾಳ ಮನೋರಮಾ'ದಲ್ಲಿ ಬರೆದರು. 1982ರಲ್ಲಿ ಆರಂಭವಾದ ಕೇರಳ ಕಾರ್ಟೂನ್ ಅಕಾಡೆಮಿಯ ಸ್ಥಾಪಕ ಅಧ್ಯಕ್ಷರಾದರು. ಕೊಚ್ಚಿಯಲ್ಲಿ ನೆಲೆಸಿದ ಆ ಅಕಾಡೆಮಿಯೇ 2019ರಲ್ಲಿ 'ಮಹಾಕ್ಷಾಮದೇವತೆ'ಯ ನೂರು ವರ್ಷವನ್ನು ಆಚರಿಸಿತು. ಅಬು ತಮ್ಮ ಕೊನೆಯ ವರ್ಷಗಳನ್ನು ತಿರುವನಂತಪುರದಲ್ಲಿ ಕಳೆದು 2002ರಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಶತಮಾನೋತ್ಸವದ ವರ್ಷದಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಕೇರಳ ಲಲಿತಕಲಾ ಅಕಾಡೆಮಿ ಕೆ. ಕೆ. ಸುಭಾಷರ ಒಂದು ವ್ಯಂಗ್ಯಚಿತ್ರಕ್ಕೆ ಪ್ರಶಸ್ತಿ ಕೊಟ್ಟಿತು. ಅತ್ಯಾಚಾರದ ಆರೋಪ ಎದುರಿಸುತ್ತಿದ್ದ ಬಿಷಪ್ ಒಬ್ಬರ ಕುರಿತ ಚಿತ್ರ ಅದು; 2022ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಧರ್ಮಚಿಹ್ನೆಗೆ ಅಪಮಾನವಾಯಿತೆಂದು ಕ್ರೈಸ್ತ ಸಭೆಯ ಹಿರಿಯರು ಆಕ್ಷೇಪಿಸಿದರು. ಪ್ರಶಸ್ತಿಯನ್ನು ಮರುಪರಿಶೀಲಿಸಿ ಎಂದು ಹೇಳಿದ್ದು ಎಡಪಂಥೀಯ ಸರ್ಕಾರವೇ. ದಿವಾನರಿಲ್ಲದ ಕಾಲದಲ್ಲಿಯೂ ದಿವಾನರ ಮನಸ್ಸು ಉಳಿದುಕೊಂಡಿರುವ ಬಗೆ ಇದು ಎಂದು ಬರೆದು ಮುಗಿಸಿಬಿಡುವುದು ಸುಲಭ. ಹಾಗೆ ಮುಗಿಸಲು ನನಗೆ ಅಡ್ಡ ಬರುವುದು ಶಂಕರರದೇ ಒಂದು ಚಿತ್ರ.

1949ರ ಚಿತ್ರ ಅದು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾವಟಿ ಹಿಡಿದು ಕುಳಿತಿದ್ದಾರೆ, ಹಿಂದೆ ನೆಹರೂ ಚಾವಟಿ ಎತ್ತಿ ನಿಂತಿದ್ದಾರೆ. ಪಠ್ಯಪುಸ್ತಕದಲ್ಲಿ ಸೇರಿದ್ದ ಇದರ ಬಗ್ಗೆ 2012ರಲ್ಲಿ ಸಂಸತ್ತಿನಲ್ಲಿ ಗದ್ದಲವಾಗಿ, ಪುಸ್ತಕದ ಇಬ್ಬರು ಮುಖ್ಯ ಸಲಹೆಗಾರರು ರಾಜೀನಾಮೆ ಕೊಟ್ಟರು. ಚಿತ್ರದ ಪರವಾಗಿ ನಿಂತವರ ಸಾಲಿನಲ್ಲಿ ಆಗ ನಾನೂ ಇದ್ದೆ. ಸಂವಿಧಾನ ರಚನೆಯ ನಿಧಾನವನ್ನು ಕುರಿತ ಚಿತ್ರ, ಅದರಲ್ಲಿ ಜಾತಿ ಎಲ್ಲಿದೆ ಎಂದು ಕೇಳಿದ್ದೆ. ಉನ್ನಮತಿ ಶ್ಯಾಮಸುಂದರ್ ಸಂಗ್ರಹಿಸಿದ ಅಂಬೇಡ್ಕರ್ ವ್ಯಂಗ್ಯಚಿತ್ರಗಳ ಪುಸ್ತಕ 2019ರಲ್ಲಿ ಬಂದ ಮೇಲೆ ಆ ಪ್ರಶ್ನೆಯನ್ನು ಅಷ್ಟು ಸಲೀಸಾಗಿ ಕೇಳಲು ಆಗುತ್ತಿಲ್ಲ. ಒಂದೊಂದು ಚಿತ್ರವನ್ನೂ ಬಿಡಿಯಾಗಿ ನೋಡಿದರೆ ತಮಾಷೆ. 1932ರಿಂದ 1956ರವರೆಗಿನದನ್ನು ಸಾಲಾಗಿ ನೋಡಿದರೆ ಒಬ್ಬ ಮನುಷ್ಯನನ್ನು ಮತ್ತೆ ಮತ್ತೆ ಕುಳ್ಳನಾಗಿ, ಹಠಮಾರಿಯಾಗಿ, ಹೆಣ್ಣುವೇಷದಲ್ಲಿ ಬರೆದ ಕೈಗಳು ಕಾಣುತ್ತವೆ. ನೆಹರೂ ಮೇಲಿನ ನಗೆ ಮೇಲಕ್ಕೆ ಹಾರಿದ ಕಲ್ಲು. ಇದು ಎತ್ತ ಹಾರಿತು? ಕೂತ್ತಂಬಲದ ಹೊರಗೆ ನಿಂತವನಿಗೆ ಒಳಗಿನ ನಗೆ ಹೇಗೆ ಕೇಳಿಸಿರಬಹುದು ಎಂದು ನಾನು ಯೋಚಿಸತೊಡಗಿದ್ದು ಈ ಪುಸ್ತಕದ ನಂತರ. ಪಠ್ಯದಿಂದ ಚಿತ್ರವನ್ನು ಕಿತ್ತುಹಾಕಬೇಕಾಗಿತ್ತೆಂದು ಈಗಲೂ ನನಗನ್ನಿಸುವುದಿಲ್ಲ. ಕಿತ್ತುಹಾಕಿ ಎಂದವರು ನಗಲು ಬಾರದವರು ಎಂದು ಮಾತ್ರ ಇನ್ನು ಹೇಳಲಾರೆ. ಬಿಷಪರ ಕೋಲಿಗೂ ಅಂಬೇಡ್ಕರರ ಚಾವಟಿಗೂ ಒಂದೇ ಅಳತೆಗೋಲು ಹಿಡಿಯುವವರ ಜೊತೆಗೂ ನನಗೆ ಒಪ್ಪಿಗೆಯಿಲ್ಲ. ಒಂದು ಕೋಲಿನ ಹಿಂದೆ ಸಭೆಯಿತ್ತು, ಸರ್ಕಾರವೂ ಕಿವಿಗೊಟ್ಟಿತು.

ತಿರುವನಂತಪುರದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಸೆಕ್ರೆಟರಿಯೇಟ್ ಎದುರಿನ ಬಸ್ ನಿಲ್ದಾಣಕ್ಕೆ 'ಸ್ಟ್ಯಾಚ್ಯೂ' ಎಂದೇ ಹೆಸರು. ಕಂಡಕ್ಟರ್ ಹಾಗೆಯೇ ಕೂಗುತ್ತಾನೆ, ಇಳಿಯುವವರು ಹಾಗೆಯೇ ಟಿಕೆಟ್ ಕೇಳುತ್ತಾರೆ. ಅದು ಯಾರ ಪ್ರತಿಮೆ ಎಂದು ಬಸ್ಸಿನಲ್ಲಿ ಯಾರೂ ಹೇಳುವುದಿಲ್ಲ. ಅದು ಸರ್ ಟಿ. ಮಾಧವರಾಯರದು. ಅಲ್ಲಿಂದ ಉತ್ತರಕ್ಕೆ, ನಡೆದುಹೋಗುವಷ್ಟು ದೂರದಲ್ಲಿ, ಪಾಳಯಂನಲ್ಲಿ ಇನ್ನೊಂದು ಪ್ರತಿಮೆ ಇದೆ. ಅದು ಗಡೀಪಾರಾದ ರಾಮಕೃಷ್ಣ ಪಿಳ್ಳೆಯವರದು. ಅದರ ಹೆಸರಿನ ಬಸ್ ನಿಲ್ದಾಣವಿಲ್ಲ.